ಪದ ಯಾರದ್ದು ಎಂದು ಕೇಳಿ

ಪುರಭವನದ ಮುಂದಿನ ಸಾಲಿನಲ್ಲಿ ಹುಡುಗ ಹುಡುಗಿಯರು ಕೂತದ್ದು ಕಂಡರೆ ನನಗೆ ಖುಷಿಯೇ. ಯಕ್ಷಗಾನ ಮುದುಕರ ಪಾಲಾಯಿತು ಎಂದು ಗೋಳಾಡುವವರಿಗೆ ನೀವೇ ಉತ್ತರ. ಭಾಗವತರು ಏರುಪದ್ಯ ಎತ್ತಿದ ಕೂಡಲೇ ನಿಮ್ಮ ಮೊಬೈಲುಗಳೂ ಏಳುತ್ತವೆ. ಮರುದಿನ ಬೆಳಿಗ್ಗೆ ಕಾಪಿ ಕುಡಿಯುವ ಹೊತ್ತಿಗೆ ಆ ತುಣುಕು ಕುಂಬಳೆಯಿಂದ ಕುಂದಾಪುರದವರೆಗೆ, ಅಲ್ಲಿಂದ ಮುಂಬಯಿ, ದುಬೈವರೆಗೆ ಹೋಗಿ ಮುಟ್ಟಿರುತ್ತದೆ. ಅದರ ಕೆಳಗೆ ಭಾಗವತರ ಹೆಸರು ಉಂಟು. ಚೆಂಡೆಯವರದ್ದು, ಮದ್ದಳೆಯವರದ್ದು, ವೇಷದವರದ್ದು ಉಂಟು. ಆಟ ಆಡಿಸಿದ ಮನೆಯವರದ್ದೂ ಉಂಟು. ವಿಡಿಯೊ ತೆಗೆದವರ ಹೆಸರಂತೂ ಕಲಾವಿದನ ಮುಖದ ಮೇಲೆಯೇ ಅಚ್ಚೊತ್ತಿರುತ್ತದೆ. ಪದ ಬರೆದವನ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾ ಹೇಳುತ್ತಾ ಮುದುಕನಾದವ. ಮಾತು ಸ್ವಲ್ಪ ಉದ್ದವಾದರೆ ಬೇಸರ ಮಾಡಬೇಡಿ, ಅದು ನಮ್ಮ ಜಾತಿಯ ಗುಣ.

ನಮ್ಮ ಆಟದಲ್ಲಿ ಮೊದಲೇ ಬರೆದು ಇಟ್ಟದ್ದು ಅಂತ ಇರುವುದು ಪದ್ಯ ಒಂದೇ. ಮಾತು ಆ ರಾತ್ರಿ ಹುಟ್ಟಿ ಆ ರಾತ್ರಿಯೇ ಮುಗಿಯುತ್ತದೆ. ಕುಣಿತವನ್ನು ವೇಷಧಾರಿ ತನ್ನ ಕಾಲಿನ ಬಲ ನೋಡಿಕೊಂಡು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಭಾಗವತರ ಎದುರಿನ ಪ್ರಸಂಗ ಪುಸ್ತಕವನ್ನು ತೆಗೆದುಬಿಡಿ, ಆಮೇಲೆ ಉಳಿಯುವುದು ಕಿರೀಟ ಕಟ್ಟಿಕೊಂಡು ನಿಂತ ನಾಲ್ಕು ಜನ. ಹಾಗಿದ್ದೂ ಆ ಪುಸ್ತಕ ಬರೆದವನನ್ನು ಬಿಟ್ಟು ಉಳಿದ ಎಲ್ಲರಿಗೂ ಶಾಲು ಹೊದೆಸಿ ಕಳಿಸುತ್ತೇವೆ.

ಬರೆಯುವುದು ಸುಲಭದ ಕೆಲಸ ಎಂದು ನಿಮಗೆ ಅನಿಸಿದರೆ ಒಂದು ಪದ್ಯ ಕಟ್ಟಿ ನೋಡಿ. ಸಾಲು ಸಾಲಿಗೂ ಎರಡನೆಯ ಅಕ್ಷರಕ್ಕೆ ಪ್ರಾಸ ಕೂಡಬೇಕು. ಮಾತ್ರೆ ಒಂದು ಜಾರಿದರೆ ಸಭೆಗೆ ಗೊತ್ತಾಗದಿದ್ದರೂ ಮದ್ದಳೆಯವನ ಬೆರಳಿಗೆ ಗೊತ್ತಾಗುತ್ತದೆ. ಎಲ್ಲಿ ಭಾಮಿನಿ, ಎಲ್ಲಿ ವಾರ್ಧಕ, ಎಲ್ಲಿ ಕಂದ? ಕತೆಯನ್ನು ದ್ವಿಪದಿಯಲ್ಲಿ ಓಡಿಸುವುದೋ, ತ್ರಿವುಡೆಯಲ್ಲಿ ನಿಲ್ಲಿಸಿ ಅಳಿಸುವುದೋ? ಇದೆಲ್ಲ ಬರೆಯುವ ಮೇಜಿನ ಮೇಲೆಯೇ ತೀರ್ಮಾನ ಆಗುವ ಸಂಗತಿ. ಶಿಮಂತೂರು ನಾರಾಯಣ ಶೆಟ್ಟರ ‘ಯಕ್ಷಗಾನ ಛಂದೋಂಬುಧಿ’ಯನ್ನು ಕೈಗೆತ್ತಿಕೊಂಡರೆ ಈ ಪದ್ಯಗಳ ಒಳಗೆ ಎಷ್ಟು ಬಗೆಯ ಮಟ್ಟು, ಎಷ್ಟು ಬಗೆಯ ಲೆಕ್ಕ ಉಂಟೆಂದು ಕಂಡು ತಲೆ ತಿರುಗುತ್ತದೆ.

ಛಂದಸ್ಸನ್ನು ಬೇಕಾದರೆ ಕಲಿಯಬಹುದು. ಅದಕ್ಕಿಂತ ಕಷ್ಟದ್ದು, ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಎಂಬುದು. ಕವಿಯೇ ಎಲ್ಲವನ್ನೂ ಹೇಳಿಬಿಟ್ಟರೆ ಅರ್ಥಧಾರಿಗೆ ಆಡಲು ಏನೂ ಉಳಿಯುವುದಿಲ್ಲ. ಏನೂ ಹೇಳದಿದ್ದರೆ ಅವನು ದಾರಿ ತಪ್ಪಿ ಎಲ್ಲಿಗೋ ಹೋಗುತ್ತಾನೆ. ದೇವಿದಾಸನ ‘ಕೃಷ್ಣ ಸಂಧಾನ’ವನ್ನು ಬೇಕಾದರೆ ಕೂತು ಓದಿ. ಕೃಷ್ಣನ ಮಾತಿಗೂ ಕೌರವನ ಮಾತಿಗೂ ಎರಡೂ ಕಡೆ ನ್ಯಾಯ ಹೇಳಲು ಬರುವ ಹಾಗೆ ಪದ್ಯ ಕೂತಿದೆ. ಆ ಜಾಗದಲ್ಲಿ ನಿಂತು ಅರ್ಥಧಾರಿಗಳು ತಲೆಮಾರುಗಳಿಂದ ವಾದ ಮಾಡುತ್ತಾ ಬಂದಿದ್ದಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು ಒಂದೊಂದು ಪದ್ಯಕ್ಕೆ ಎಷ್ಟು ಹೊತ್ತು ಮಾತಾಡುತ್ತಿದ್ದರು ಎಂದು ನಮ್ಮ ಓರಗೆಯವರು ಇಂದಿಗೂ ಕಣ್ಣರಳಿಸಿ ಹೇಳುವುದುಂಟು. ಹೇಳಲಿ, ಅವರು ಅದಕ್ಕೆ ಯೋಗ್ಯರೇ. ಅಷ್ಟು ಮಾತಿಗೆ ಜಾಗ ಬಿಟ್ಟು ಬರೆದವನೊಬ್ಬ ಇದ್ದನಲ್ಲ, ಅವನ ಸುದ್ದಿ ಮಾತ್ರ ಬರುವುದಿಲ್ಲ.

ಯಾಕೆ ಹೀಗಾಯಿತು? ಜನ ಕೃತಘ್ನರು ಎಂದು ಒಂದೇ ಮಾತಿನಲ್ಲಿ ಬೈದು ಮುಗಿಸಬಹುದಿತ್ತು. ನನಗೆ ಕಾಣುವ ಕಾರಣ ಬೇರೆ. ಪುರಂದರದಾಸರ ಪದ ಹಾಡಿದರೆ ಕೊನೆಯ ನುಡಿಯಲ್ಲಿ ಪುರಂದರ ವಿಠಲ ಬಂದೇ ಬರುತ್ತಾನೆ, ಕನಕದಾಸರದ್ದಾದರೆ ಕಾಗಿನೆಲೆಯ ಆದಿಕೇಶವ. ಬಸವಣ್ಣನ ವಚನವಾದರೆ ಕೂಡಲಸಂಗಮದೇವ. ಹಾಡುವವನಿಗೆ ಕವಿ ಯಾರೆಂದು ಗೊತ್ತಿಲ್ಲದಿದ್ದರೂ ಅವನ ಬಾಯಿಂದಲೇ ಗುರುತು ಹೊರಬೀಳುತ್ತದೆ. ದಾಸರು ತಮ್ಮ ಮಾತನ್ನು ತಾವೇ ಆಡಿದವರು. ಪ್ರಸಂಗದ ಕವಿ ಹಾಗಲ್ಲ. ಅವನು ಬರೆಯುವ ಪ್ರತಿ ಪದ್ಯವೂ ಇನ್ನೊಬ್ಬನ ಮಾತು. ತೊಡೆ ತಟ್ಟಿ ನಿಂತ ಕೌರವ ಪದ್ಯದ ಕೊನೆಗೆ ಕವಿಯ ಹೆಸರು ಹೇಳುವ ಹಾಗಿಲ್ಲ, ಅಶೋಕವನದ ಸೀತೆಯೂ ಹೇಳುವ ಹಾಗಿಲ್ಲ. ಅಷ್ಟು ಜನರ ಬಾಯಿಗೆ ಮಾತು ಕೊಟ್ಟವನು ಎಲ್ಲಿಯೂ ತಲೆ ತೋರಿಸದೆ ಇದ್ದರೇ ಆ ಕೆಲಸ ಸರಿಯಾದ ಹಾಗೆ. ಅವನಿಗೆ ಸಿಗುವ ಜಾಗ ಎರಡೇ. ಒಂದು, ಶುರುವಿನ ಪೀಠಿಕೆಯ ಪದ್ಯಗಳು. ಇನ್ನೊಂದು, ಕೊನೆಯ ಫಲಶ್ರುತಿ. ಪೀಠಿಕೆಯನ್ನು ಆಟದಲ್ಲಿ ಸಾಮಾನ್ಯವಾಗಿ ಹಾಡುವುದಿಲ್ಲ. ಕೊನೆ ಬರುವಾಗ ಸಭೆ ಎದ್ದು ಚಪ್ಪಲಿ ಹುಡುಕುತ್ತಿರುತ್ತದೆ.

ಈಗ ಕಾಲಮಿತಿ ಬಂದಿದೆ. ರಾತ್ರಿ 10 ಗಂಟೆಗೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ ಒಂದು ಕಡೆ, ಬೆಳಿಗ್ಗೆ ಆಫೀಸಿಗೆ ಹೋಗುವವರ ಕಷ್ಟ ಇನ್ನೊಂದು ಕಡೆ. ನಾನು ಅದನ್ನು ದೂರುವುದಿಲ್ಲ. ಇಡೀ ರಾತ್ರಿಯ ಆಟದಲ್ಲಿ ಪ್ರೇಕ್ಷಕರು ಗೊರಕೆ ಹೊಡೆಯುತ್ತಿದ್ದುದನ್ನು ನೋಡಿದವನಿಗೆ ಕಾಲಮಿತಿಯ ಮೇಲೆ ಅಷ್ಟು ಸಿಟ್ಟು ಬಾರದು. ಕತ್ತರಿ ಎಲ್ಲಿ ಬೀಳುತ್ತದೆ ಎಂಬುದನ್ನು ಮಾತ್ರ ನೋಡಿ. ಕುಣಿತಕ್ಕೆ ಬೀಳುವುದಿಲ್ಲ, ಹಾಸ್ಯಕ್ಕೆ ಬೀಳುವುದಿಲ್ಲ, ಸನ್ಮಾನದ ಭಾಷಣಕ್ಕೆ ಖಂಡಿತ ಬೀಳುವುದಿಲ್ಲ. ಬೀಳುವುದು ಪದ್ಯಕ್ಕೆ.

ಹೆಸರನ್ನು ಮರೆಸಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕುಂಬಳೆಯ ಪಾರ್ತಿಸುಬ್ಬನೇ ಸಾಕ್ಷಿ. ಪಂಚವಟಿ, ವಾಲಿ ಸುಗ್ರೀವರ ಕಾಳಗ, ಉಂಗುರ ಸಂಧಿ, ಅಂಗದ ಸಂಧಾನ, ಹೀಗೆ ರಾಮಾಯಣದ ಪ್ರಸಂಗಗಳು ಅವನ ಹೆಸರಿನಲ್ಲಿ ನಡೆಯುತ್ತಿವೆ. ತೆಂಕುತಿಟ್ಟಿನವರಿಗೆ ಆ ಪದ್ಯಗಳೇ ಬಾಲಪಾಠ. ಆದರೆ ಅಂಕಿತದಲ್ಲಿ ಇರುವುದು ಕಣ್ವಪುರದ, ಅಂದರೆ ಕುಂಬಳೆಯ, ಕೃಷ್ಣ. ಕವಿ ದೇವರನ್ನು ಮುಂದೆ ನಿಲ್ಲಿಸಿ ತಾನು ಹಿಂದೆ ನಿಂತ. ಅದರ ಫಲ ಏನಾಯಿತು? ಮುಳಿಯ ತಿಮ್ಮಪ್ಪಯ್ಯನವರು ಅವನ ಮೇಲೆ ಪುಸ್ತಕ ಬರೆದರು. ಶಿವರಾಮ ಕಾರಂತರು ಈ ಪ್ರಸಂಗಗಳು ಪಾರ್ತಿಸುಬ್ಬನವೇ ಅಲ್ಲ ಎಂದರು. ಕುಕ್ಕಿಲ ಕೃಷ್ಣ ಭಟ್ಟರು ಓಲೆಗಳನ್ನು ಹರಡಿ ಕೂತು, ಅವನವೇ ಹೌದು ಎಂದು ವಾದಿಸಿದರು. ಒಬ್ಬರಿಗಿಂತ ಒಬ್ಬರು ದೊಡ್ಡ ವಿದ್ವಾಂಸರು, ಅವರ ಶ್ರಮ ಸಣ್ಣದಲ್ಲ. ಮೊದಲ ಓಲೆಯಲ್ಲಿ ಹೆಸರು, ಊರು, ಸಂವತ್ಸರ ಸ್ಪಷ್ಟವಾಗಿ ಬರೆದಿದ್ದರೆ ಅದೇ ಶ್ರಮ ಪದ್ಯಗಳ ಚೆಂದವನ್ನು ತಿಳಿಸಿ ಹೇಳುವುದಕ್ಕೆ ಸಲ್ಲುತ್ತಿತ್ತು. ಇಂದು ಯಕ್ಷಗಾನ ಅಕಾಡೆಮಿ ಕೊಡುವ ದೊಡ್ಡ ಪ್ರಶಸ್ತಿ ಪಾರ್ತಿಸುಬ್ಬನ ಹೆಸರಿನಲ್ಲೇ ಉಂಟು. ಪ್ರಶಸ್ತಿಯ ಸುದ್ದಿ ಓದಿದವರಲ್ಲಿ ಎಷ್ಟು ಜನ ಅವನ ಒಂದು ಪದ್ಯವನ್ನು ಅವನದ್ದೆಂದು ತಿಳಿದು ಕೇಳಿದ್ದಾರೋ, ನೀವೇ ವಿಚಾರಿಸಿ.

ಮುದ್ದಣನ ಕತೆ ಇನ್ನೂ ವಿಚಿತ್ರ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಹುಟ್ಟಿದ್ದು 1870, ತೀರಿದ್ದು 1901. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ‘ರಾಮಾಶ್ವಮೇಧ’ದ ಮುದ್ದಣ ಮನೋರಮೆಯರನ್ನು ಪಾಠಪುಸ್ತಕದಲ್ಲಿ ಓದಿದ್ದೀರಲ್ಲ, ಅದೇ ಮುದ್ದಣ ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಪ್ರಸಂಗಗಳ ಕವಿ. ‘ಕುಮಾರ ವಿಜಯ’ದ ಪದ್ಯಗಳು ಇಂದಿಗೂ ರಂಗದಲ್ಲಿವೆ. ತನ್ನ ಬರೆಹವನ್ನು ತನ್ನದೆಂದು ಹೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಹಳೆಯ ಕವಿಯೊಬ್ಬನ ಪ್ರತಿ ಸಿಕ್ಕಿತೆಂದು ಹೇಳಿ ಕಾವ್ಯವನ್ನು ಅಚ್ಚಿಗೆ ಕಳಿಸಿದ. ಬಡ ಮೇಷ್ಟ್ರು ಬರೆದದ್ದಕ್ಕಿಂತ ಹಳೆಯ ಓಲೆಗೆ ಹೆಚ್ಚು ಮರ್ಯಾದೆ ಎಂದು ಅವನಿಗೆ ಗೊತ್ತಿತ್ತು. ಅವನ ಲೆಕ್ಕ ತಪ್ಪಲಿಲ್ಲ, ಅದೇ ನನಗೆ ಬೇಸರ. 31ನೆಯ ವರ್ಷಕ್ಕೆ ಕ್ಷಯಕ್ಕೆ ತುತ್ತಾದ ಆ ಹುಡುಗನಿಗೆ (ನನ್ನ ಪ್ರಾಯಕ್ಕೆ ಅವನು ಹುಡುಗನೇ) ಬದುಕಿದ್ದಾಗ ಸಿಗಬೇಕಾದ ಗೌರವ ಸಿಕ್ಕಿದ್ದು ಸತ್ತ ಮೇಲೆ.

ಇನ್ನು ಸೋಮೇಶ್ವರದ ಅಮೃತ ಸೋಮೇಶ್ವರರು. ಉಳ್ಳಾಲ ಸಂಕ ದಾಟಿದರೆ ಅವರ ಊರು. ಹುಟ್ಟಿದ್ದು 1935, ನಮ್ಮನ್ನು ಬಿಟ್ಟುಹೋದದ್ದು 2024ರ ಜನವರಿಯಲ್ಲಿ. ಪುತ್ತೂರಿನ ವಿವೇಕಾನಂದ ಕಾಲೇಜಿನಲ್ಲಿ ಪಾಠ ಹೇಳಿದವರು. ಜನಪದದ ಸಂಶೋಧಕರೆಂದು, ತುಳು ನಾಟಕಕಾರರೆಂದು ಎಲ್ಲರಿಗೂ ಗೊತ್ತು. ಪದ್ಯ ಕಟ್ಟುವ ಕೈ ಎಷ್ಟು ಗಟ್ಟಿಯದ್ದು ಎಂದು ಹೇಳುವವರು ಕಡಿಮೆ. ಅವರ ಪ್ರಸಂಗಗಳಲ್ಲಿ ‘ಅಮರ ಶಿಲ್ಪಿ ವೀರ ಕಲ್ಕುಡ’ ಒಂದು. ಕತೆ ನಿಮಗೆ ಗೊತ್ತಿರಬಹುದು. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಎಡಗೈಯನ್ನೂ ಬಲಗಾಲನ್ನೂ ಅರಸ ಕಡಿಸಿದ, ಇನ್ನೊಂದು ಕಡೆ ಹೀಗೆ ಕೆತ್ತಬಾರದು ಅಂತ. ಕಲ್ಕುಡ ಉಳಿದ ಒಂದು ಕೈ, ಒಂದು ಕಾಲಿನಲ್ಲೇ ವೇಣೂರಿನ ಗೊಮ್ಮಟನನ್ನು ಕೆತ್ತಿದ ಎನ್ನುತ್ತದೆ ತುಳುವಿನ ಹಾಡುಗತೆ ಪಾಡ್ದನ. ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದ್ದು 1604ರಲ್ಲಿ. ನಡುವೆ 172 ವರ್ಷ. ಪಾಡ್ದನ ಅಂಥ ಲೆಕ್ಕಕ್ಕೆಲ್ಲ ಬಗ್ಗುವುದಿಲ್ಲ, ಬಿಡಿ. ಕಾರ್ಕಳದ ಶಾಸನ, ಮೂರ್ತಿ ಮಾಡಿಸಿದ ಅರಸ ವೀರಪಾಂಡ್ಯನ ಹೆಸರನ್ನು ಹೇಳುತ್ತದೆ. ಕೆತ್ತಿದವನ ಹೆಸರನ್ನು ಈ ಸೀಮೆಯಲ್ಲಿ ಉಳಿಸಿದ್ದು ನಾಟಿಗದ್ದೆಯಲ್ಲಿ ಹೇಳಿದ ಹಾಡು. ಶಿಲ್ಪಿಯನ್ನು ಉಳಿಸಿಕೊಟ್ಟ ಆ ಹಾಡನ್ನು ಮೊದಲು ಕಟ್ಟಿದ ಹೆಂಗಸು ಯಾರು? ಅವಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಕೈಕಾಲು ಕಡಿಸಿಕೊಂಡ ಕುಶಲಿಯ ಕತೆಯನ್ನು ಅಮೃತರು ರಂಗಕ್ಕೆ ತಂದರು, ಆ ಪ್ರಸಂಗದ ನೋಟೀಸಿನಲ್ಲೂ ಅವರ ಹೆಸರು ಸಣ್ಣ ಅಕ್ಷರದಲ್ಲಿ ಬಂದರೆ ಅದಕ್ಕೆ ಏನೆನ್ನುವುದು?

ಹಾಡುವವರೇ ಕವಿಯಾಗಿದ್ದರೂ ನಮ್ಮ ಕಣ್ಣು ಕಂಠದ ಮೇಲೆಯೇ. ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡಾಗ ಬಲಿಪ ಮಟ್ಟು ಹೋಯಿತೆಂದು ಎಲ್ಲರೂ ಮರುಗಿದರು. ಐದು ದಿನ ಆಡುವ ‘ದೇವಿ ಮಹಾತ್ಮೆ’ಯನ್ನು ಬರೆದ ಕವಿ ಹೋದರು ಎಂದು ಅತ್ತವರು ಎಷ್ಟು ಮಂದಿ? 2021ರಲ್ಲಿ ಅಗಲಿದ ಬೊಟ್ಟಿಕೆರೆ ಪುರುಷೋತ್ತಮ ಪೂಂಜರೂ ಹಾಗೆಯೇ. ‘ಮಾನಿಷಾದ’ ಆಡುತ್ತಾರೆ ಅಂದರೆ ಜನ ಸೇರುತ್ತಾರೆ, ಸೀತೆಯ ಪದ್ಯಕ್ಕೆ ಕಣ್ಣೀರು ಹಾಕುತ್ತಾರೆ. ಆ ಕಣ್ಣೀರು ಬರುವ ಹಾಗೆ ಬರೆದವರು ಪೂಂಜರು ಎಂದು ಆ ಹೊತ್ತಿಗೆ ಮೈಕಿನಲ್ಲಿ ಒಂದು ಮಾತು ಹೇಳಿದರೆ ರಸಭಂಗ ಏನೂ ಆಗದು. ಬಡಗಿನ ಕಂದಾವರ ರಘುರಾಮ ಶೆಟ್ಟರು, ತುಳು ಪ್ರಸಂಗಗಳ ಅನಂತರಾಮ ಬಂಗಾಡಿಯವರು, ಇನ್ನೂ ಹಲವರು ಉಂಟು. ಎಲ್ಲರನ್ನೂ ಎಣಿಸಲು ಕೂತರೆ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಬಂದೀತು.

ನಮ್ಮ ನೆರೆಮನೆಯ ಕೊಂಕಣಿ ಕ್ರೈಸ್ತರನ್ನು ನೋಡಿ. ವಿಲ್ಫಿ ರೆಬಿಂಬಸ್ (1942-2010) ತಾವೇ ಬರೆದರು, ತಾವೇ ರಾಗ ಹಾಕಿದರು, ತಾವೇ ಹಾಡಿದರು. ಅವರ ಹೆಸರಿನಲ್ಲೇ ಹಾಡಿನ ನೈಟ್ ನಡೆಯುತ್ತಿತ್ತು, ಕೊಂಕಣ ಕೋಗಿಲೆ ಎಂದು ಜನ ತಲೆಯ ಮೇಲೆ ಹೊತ್ತರು. ಬರೆದವನೂ ಹಾಡಿದವನೂ ಒಬ್ಬನೇ ಎಂದು ಜನ ನೆನಪಿಟ್ಟದ್ದರಿಂದ ಆ ಹಾಡುಗಳು ಅನಾಥವಾಗಲಿಲ್ಲ. ಇನ್ನೊಂದು ಕಡೆ ಬಂಟ್ವಾಳದ ಪಂಜೆ ಮಂಗೇಶರಾಯರು (1874-1937). ಕವಿಶಿಷ್ಯ ಎಂಬ ಹೆಸರಿನಲ್ಲಿ ಬರೆದವರು. ಅವರ ನಾಗರ ಹಾವಿನ ಪದ್ಯ ಹೇಳದೆ ದೊಡ್ಡವರಾದ ಕನ್ನಡದ ಮಕ್ಕಳು ಕಡಿಮೆ. ಇಂದಿನ ಕಾರ್ಟೂನು ವಿಡಿಯೊಗಳಲ್ಲಿ ಅದು ಬಂದಾಗ ಕೆಳಗೆ ಕಾಣುವುದು ಚಾನೆಲ್ಲಿನ ಹೆಸರು. ಪಂಜೆಯವರಂಥ ಪಂಜೆಯವರಿಗೇ ಹೀಗಾದರೆ ಉಳಿದವರ ಪಾಡೇನು?

ಇದನ್ನೆಲ್ಲ ಹೇಳುವಾಗ ಯಾರಾದರೊಬ್ಬರು ಎದ್ದು ನಿಲ್ಲುತ್ತಾರೆ. “ಕವಿಯ ಹೆಸರು ಮರೆತು ಪದ ಜನರ ಬಾಯಲ್ಲಿ ಉಳಿದರೆ ಅದೇ ದೊಡ್ಡ ಪ್ರಶಸ್ತಿ ಅಲ್ಲವಾ?” ಕೇಳಲಿಕ್ಕೆ ಚೆಂದ. ಹಾಗೆ ಹೇಳುವವರ ಹೆಸರು ಮಾತ್ರ ಫ್ಲೆಕ್ಸಿನಲ್ಲಿ ಫೋಟೊ ಸಮೇತ ಇರುತ್ತದೆ ಎಂಬುದನ್ನು ಗಮನಿಸಿ. ಜನಪದ ಅಂದರೆ ಹೆಸರಿಲ್ಲದ್ದು ಎಂಬುದೂ ಪೂರ್ತಿ ನಿಜವಲ್ಲ. ಫಿನ್ಲೆಂಡಿನ ಲೌರಿ ಹೋಂಕೊ ನಮ್ಮ ಸಿರಿ ಪಾಡ್ದನವನ್ನು ದಾಖಲಿಸಿದರು. ವಿವೇಕ ರೈ, ಚಿನ್ನಪ್ಪ ಗೌಡರು ಜೊತೆಗಿದ್ದರು. 1998ರಲ್ಲಿ ಪುಸ್ತಕ ಬಂತು, 15,683 ಸಾಲು. ಬೆಳ್ತಂಗಡಿಯ ಕಡೆಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಎಂದು ಆ ಪುಸ್ತಕದ ಹೆಸರಿನಲ್ಲೇ ಉಂಟು. ಊರಲ್ಲಿ ಗದ್ದೆ ಕೆಲಸ ಮಾಡಿಕೊಂಡು ಸಿರಿ ಹೇಳುತ್ತಿದ್ದವರಿಗೆ ಹೆಲ್ಸಿಂಕಿಯಲ್ಲಿ ಸಿಕ್ಕ ಮರ್ಯಾದೆಯನ್ನು ಮಂಗಳೂರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೊಡಲು ಏನು ಖರ್ಚುಂಟು?

ಬರೆಯುವ ಹುಚ್ಚು ಹಿಡಿದವರು ನಿಮ್ಮಲ್ಲೂ ಕೆಲವರು ಇದ್ದೀರಿ, ನನಗೆ ಗೊತ್ತು. ಯಕ್ಷಗಾನಕ್ಕೆ ಬರೆಯಿರಿ, ತುಳು ಸಿನಿಮಾಕ್ಕೆ ಬರೆಯಿರಿ, ಭಜನೆಯ ಆಲ್ಬಮಿಗೆ ಬರೆಯಿರಿ. ಮುದ್ದಣನ ನಾಚಿಕೆ ನಿಮಗೆ ಬೇಡ. ಮೊದಲ ಪುಟದಲ್ಲಿ ಹೆಸರು, ಊರು, ತಾರೀಕು ಬರೆಯಿರಿ. ಪ್ರತಿ ಕೊಡುವ ಮೊದಲು ನಿಮ್ಮಲ್ಲಿ ಇನ್ನೊಂದು ಪ್ರತಿ ಇರಲಿ. ಬರೆದವನು ಬರೆದದ್ದು ತನ್ನದೆಂದು ಹೇಳಿಕೊಳ್ಳುವ ಹಕ್ಕು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಸೆಕ್ಷನ್ನಿನಲ್ಲಿ ಉಂಟು. ಕೃತಿಯನ್ನು ದುಡ್ಡಿಗೆ ಮಾರಿದ ಮೇಲೂ ಆ ಹಕ್ಕು ಹೋಗುವುದಿಲ್ಲ. 2012ರ ತಿದ್ದುಪಡಿಯ ಮೇಲೆ ಸಿನಿಮಾ ಹಾಡಿನ ಕವಿಗೆ ಇನ್ನೊಂದು ಬಲ ಬಂದಿದೆ. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಓಡುವುದನ್ನು ಬಿಟ್ಟು ಬೇರೆ ಕಡೆ ಆ ಹಾಡು ಬಳಕೆಯಾದರೆ ಬರುವ ರಾಯಧನದಲ್ಲಿ ಅವನಿಗೆ ಸಮಪಾಲು, ಅದನ್ನು ನಿರ್ಮಾಪಕರಿಗೆ ಬಿಟ್ಟುಕೊಡುತ್ತೇನೆಂದು ಬರೆದುಕೊಟ್ಟರೂ ಆ ಬರಹಕ್ಕೆ ಬೆಲೆಯಿಲ್ಲ. “ಫುಲ್ ಸೆಟ್ಲ್‌ಮೆಂಟ್” ಎಂದು ಯಾರಾದರೂ ಕಾಗದ ಮುಂದಿಟ್ಟರೆ ಸಹಿ ಹಾಕುವ ಮೊದಲು ಗೊತ್ತಿರುವ ವಕೀಲರೊಬ್ಬರಿಗೆ ತೋರಿಸಿ. ಹಂಪನಕಟ್ಟೆಯಿಂದ ಕೋರ್ಟಿನ ಗುಡ್ಡೆ ಎಷ್ಟು ದೂರ?

ಹಾಡುವವರಿಗೆ, ವಿಡಿಯೊ ಹಾಕುವವರಿಗೆ ಹೇಳುವುದೂ ಉಂಟು. ಕವಿ ತೀರಿಕೊಂಡು 60 ವರ್ಷ ದಾಟಿದರೆ ಪದ ಎಲ್ಲರದ್ದೂ ಆಗುತ್ತದೆ. ಪಾರ್ತಿಸುಬ್ಬನಿಗೆ, ಮುದ್ದಣನಿಗೆ ನೀವು ಕೊಡಬೇಕಾದ ದುಡ್ಡು ಏನೂ ಇಲ್ಲ. ಹೆಸರು ಹೇಳಿದರೆ ಮುಗಿಯಿತು. ಬದುಕಿರುವ ಕವಿಯದ್ದಾದರೆ ಒಂದು ಫೋನು ಮಾಡಿ ಕೇಳಿ. ಸಂಗೀತ ಕಚೇರಿಯಲ್ಲಿ ರಾಗ, ತಾಳ, ರಚನೆ ಯಾರದ್ದು ಎಂದು ಹೇಳುವುದುಂಟಲ್ಲ, ಯಕ್ಷಗಾನದ ಗಾನವೈಭವದಲ್ಲಿ ಅಷ್ಟು ಮಾಡಲಿಕ್ಕೆ ಅಡ್ಡಿ ಏನು? ಮತ್ತೆ, ಗೊತ್ತಿಲ್ಲದಿದ್ದರೆ ಊಹೆ ಮಾಡಿ ಬರೆಯಬೇಡಿ, ಮಾರಾಯರೇ. ರಾಮಾಯಣದ ಪದ್ಯವೆಲ್ಲ ಪಾರ್ತಿಸುಬ್ಬನದ್ದು, ಭಾರತದ್ದೆಲ್ಲ ದೇವಿದಾಸನದ್ದು ಎಂದು ಹಾಕಿಬಿಟ್ಟರೆ ಮೂರನೆಯವನೊಬ್ಬ ಎರಡನೆಯ ಸಲ ಸಾಯುತ್ತಾನೆ. ಒಂದೇ ಹೆಸರಿನ ಪ್ರಸಂಗವನ್ನು ಬೇರೆ ಬೇರೆ ಕವಿಗಳು ಬರೆದದ್ದುಂಟು, ಒಬ್ಬನ ಪ್ರಸಂಗದೊಳಗೆ ಇನ್ನೊಬ್ಬನ ಪದ್ಯ ಸೇರಿಕೊಂಡದ್ದೂ ಉಂಟು. ಆಟ ಮುಗಿದ ಮೇಲೆ ಚೌಕಿಗೆ ಹೋಗಿ ಭಾಗವತರನ್ನೇ ಕೇಳಿ. ವೇಷಧಾರಿಯ ಜೊತೆ ಸೆಲ್ಫಿ ತೆಗೆಯಲಿಕ್ಕೆ ಹೇಗೂ ಹೋಗುತ್ತೀರಲ್ಲ. ಭಾಗವತರಿಗೂ ಸಂಶಯ ಇದ್ದರೆ ಉಡುಪಿಯ ಪಾವಂಜೆ ಗುರುರಾಯರ ಕಾಲದಿಂದ ಅಚ್ಚಾದ ಪ್ರಸಂಗ ಪುಸ್ತಕಗಳಿವೆ. ಯಕ್ಷವಾಹಿನಿಯ ಬಳಗದವರು ಹಳೆಯ ಪ್ರತಿಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಮಾಡಿದ್ದಾರೆ, ಅದು ನಿಮ್ಮ ಮೊಬೈಲಿನಲ್ಲೇ ತೆರೆಯುತ್ತದೆ.

ಎಲ್ಲ ಪ್ರತಿಗಳೂ ಅಲ್ಲಿಗೆ ಬಂದಿಲ್ಲ. ಕೈಬರಹದ ಪ್ರತಿಗಳು ಎಷ್ಟೋ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ ಬಿದ್ದಿವೆ. ನಮ್ಮ ಕರಾವಳಿಯ ಹವೆ ಕಾಗದಕ್ಕೆ ಆಗಿಬರುವುದಿಲ್ಲ, ಗೆದ್ದಲಿಗೆ ಒಂದು ಮಳೆಗಾಲ ಸಾಕು. ನಿಮ್ಮ ಊರಿನಲ್ಲಿ ಪ್ರಸಂಗ ಬರೆದವರು ಯಾರಿದ್ದಾರೆಂದು ಹಿರಿಯರನ್ನು ಕೇಳಿ, ಇಬ್ಬರು ಮೂವರು ಕೂಡಿ ಅವರ ಮನೆಗೆ ಹೋಗಿ. ಅವರು ಇದ್ದರೆ ಅವರನ್ನು, ಇಲ್ಲದಿದ್ದರೆ ಮನೆಯವರನ್ನು ಕೇಳಿಯೇ ಫೋಟೊ ತೆಗೆಯಿರಿ, ಪ್ರತಿಯನ್ನು ಹೊತ್ತು ತರಬೇಡಿ. ಯಾವ ಮೇಳಕ್ಕೆ ಬರೆದದ್ದು, ಮೊದಲು ಹಾಡಿದವರು ಯಾರು, ಯಾವ ಪದ್ಯ ಸ್ವಂತದ್ದು, ಯಾವುದು ಹಳೆಯದ್ದು ಎಂದು ಅವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಿ. ಪತ್ತನಾಜೆ ಕಳೆದ ಮೇಲೆ ಹೋದರೆ ಒಳ್ಳೆಯದು. ಮೇಳಗಳೆಲ್ಲ ಒಳಗೆ ಸೇರಿರುತ್ತವೆ, ಹೊರಗೆ ಮಳೆ, ಅವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಹೋಗುವಾಗ ಒಳ್ಳೆಯ ಟಾರ್ಚು ಹಿಡಿದುಕೊಳ್ಳಿ, ಅಟ್ಟದಲ್ಲಿ ಕತ್ತಲೆ.